ಮದೀನಾದಿಂದ ಬಂದ ಲೆನ್ಸ್

ಮಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟವರ ಮನೆಗೆ ಓಣಿಯೆಲ್ಲ ಬಂದು ಹೋಗುತ್ತದೆ. ಹಾರ ಹಾಕಲು ಬಂದವರು ಹೋಗುವಾಗ ಮೆಲ್ಲಗೆ ತಮ್ಮ ಬೇಡಿಕೆಯನ್ನೂ ಇಟ್ಟು ಹೋಗುತ್ತಾರೆ. ನವಲಗುಂದದ ಯಾಕೂಬಸಾಬ, ಅವನ ಹೆಂಡತಿ ರಜಿಯಾಬಿ ಹೊರಟು ನಿಂತಾಗ ಅವರ ಮನೆಯಲ್ಲೂ ಆ ವಾರ ಅದೇ ನಡೆದಿತ್ತು. ಒಬ್ಬರಿಗೆ ಜಮ್‌ಜಮ್ ನೀರು ಬೇಕು, ಒಬ್ಬರಿಗೆ ಖರ್ಜೂರ, ಒಬ್ಬರಿಗೆ ಮಗಳ ಹೆರಿಗೆ ಸುಸೂತ್ರ ಆಗಲೆಂದು ದುವಾ. ಬಾಜು ಮನೆಯ ಬಸಕ್ಕ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದವಳು ತನಗೇನೂ ಬೇಡ, ಮೊಣಕಾಲ ನೋವಿನ ಸುದ್ದಿ ಅಲ್ಲಿ ಒಂದು ಮಾತು ಮುಟ್ಟಿಸಿದರೆ ಸಾಕು ಅಂದಳು. "ನಮ್ಮ ದ್ಯಾವ್ರಿಗೆ ಹೇಳಿ ಹೇಳಿ ನನ್ನ ಬಾಯಿ ಸೋತೈತಿ. ನಿಮ್ಮಾಂವರೆ ಕೇಳ್ತಾನೇನು ನೋಡು, ರಜಿಯಾ."

ಎಲ್ಲರದೂ ಮುಗಿದ ಮೇಲೆ ಬಾಯಿ ತೆರೆದವಳು ಸೊಸೆ ನಾಜಮೀನ್. ಮಧ್ಯಾಹ್ನದ ಊಟ ನಡೆದಿತ್ತು. ಮಾವ ಯಾಕೂಬಸಾಬ, ಗಂಡ ಮುಜಫರ್ ಉಣ್ಣುತ್ತ ಕುಳಿತಿದ್ದರು. ಅತ್ತೆ ರಜಿಯಾಬಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾಜಮೀನ್ ಬದನೆಕಾಯಿ ಪಲ್ಯದ ಸೌಟು ಹಿಡಿದುಕೊಂಡೇ ಅಂದಳು:

"ಅಮ್ಮೀ, ನಂಗ ಅಲ್ಲಿಂದ ಕ್ಯಾಮೆರಾದ ಒಂದು ಲೆನ್ಸ್ ಬೇಕು."

ಯಾಕೂಬಸಾಬನ ಕೈಯ ತುತ್ತು ತಟ್ಟೆಗೇ ಮರಳಿತು. ಮಂದಿ ಮಕ್ಕಾ ಮದೀನಾದಿಂದ ಪುಣ್ಯ ಹೊತ್ತುಕೊಂಡು ಬರುತ್ತಾರೆ, ತಾವು ಕ್ಯಾಮೆರಾದ ಸಾಮಾನು ಹೊತ್ತುಕೊಂಡು ಬಂದರೆ ಮಸೂತಿಯಲ್ಲಿ ಹೇಗೆ ಮುಖ ತೋರಿಸುವುದು ಎಂದು ಶುರು ಮಾಡಿದವನು ರೊಟ್ಟಿ ಆರುವ ತನಕ ನಿಲ್ಲಿಸಲಿಲ್ಲ. ಊರಲ್ಲಿ ಟಂಟಂ ಓಡಿಸುವ ಮುಜಫರ್‌ಗೆ ಜಗಳದ ನಡುವೆ ಗಾಡಿ ತೂರಿಸುವ ಚಟ.

"ಹೋದ ವರ್ಷ ಹೋದಾವ್ರು ಟಿವಿ ತಂದ್ರಲ್ಲ, ಅಬ್ಬಾ."

"ಟಿವಿ ಬ್ಯಾರೆ."

"ಹೆಂಗ ಬ್ಯಾರೆ?"

"ಟಿವಿ ಮನ್ಯಾಗ ಕುಂದ್ರತೈತಿ. ನಿನ್ನ ಹೇಂತಿ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಊರೂರು ತಿರಗ್ತಾಳ."

ನಾಜಮೀನ್ ತಿರುಗುತ್ತಿದ್ದದ್ದು ನಿಜ. ಮದುವೆ ಮನೆಗಳಲ್ಲಿ ಹೆಂಗಸರು ಕೂಡುವ ಕೋಣೆಗೆ ಗಂಡಸು ಫೋಟೊಗ್ರಾಫರ್ ಹೋಗುವಂತಿಲ್ಲ. ಮೆಹಂದಿ ಹಚ್ಚಿದ್ದು, ಅರಿಶಿಣ ಬಳಿದದ್ದು, ಡೋಲಕು ಬಡಿದು ಹಾಡಿದ್ದು, ತಾಯಿಯ ಕೊರಳಿಗೆ ಬಿದ್ದು ಅತ್ತದ್ದು ಯಾವುದೂ ಆಲ್ಬಮ್ಮಿಗೆ ಬರುತ್ತಿರಲಿಲ್ಲ. ಈ ಸೀಮೆಯಲ್ಲಿ ಪ್ರತಿ ಮದುವೆಯ ಅರ್ಧ ಭಾಗ ಫೋಟೊ ಇಲ್ಲದೆ ಕಳೆದುಹೋಗುತ್ತಿತ್ತು, ಕಳೆದುಹೋದ ಅರ್ಧ ಯಾವಾಗಲೂ ಹೆಂಗಸರದೇ. ನಾಜಮೀನ್ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತರಿಸಿ ಆ ಅರ್ಧವನ್ನು ಹಿಡಿಯತೊಡಗಿದಳು. ಆದರೆ ಆ ಕ್ಯಾಮೆರಾದ ಜತೆ ಬಂದ ಲೆನ್ಸಿಗೆ ಒಂದು ಮುಖ, ಹೆಚ್ಚೆಂದರೆ ಎರಡು ಮುಖ ಹಿಡಿಯುವಷ್ಟೇ ಹರವು. ಇಲ್ಲಿಯ ಮನೆಗಳ ಕೋಣೆಗಳೋ, ನಾಲ್ಕು ಜನ ಕುಳಿತರೆ ಐದನೆಯವರು ನಿಲ್ಲಬೇಕು. ಹಿಂದೆ ಸರಿದು ತೆಗೆಯೋಣವೆಂದರೆ ಬೆನ್ನಿಗೆ ಗೋಡೆ. ಇಡೀ ಕೋಣೆಯನ್ನು ಒಂದೇ ಸಲ ಹಿಡಿಯುವ ಅಗಲದ ಲೆನ್ಸ್ ಬೇಕಾಗಿತ್ತು. ಹುಬ್ಬಳ್ಳಿಯ ಅಂಗಡಿಯವರು ಹೇಳಿದ ಬೆಲೆ ಅವಳ ಕೈಗೆ ನಿಲುಕುತ್ತಿರಲಿಲ್ಲ, ಸೌದಿಯಲ್ಲಿ ಅಗ್ಗ ಎಂದು ಅವರೇ ಹೇಳಿದ್ದರು. ಯಮನೂರಿನ ನಿಜಾಮಸಾಬ ಮಗಳು ತಮನ್ನಾಳ ಮದುವೆಗೆ ಹೆಂಗಸರ ಕಡೆಯ ಪೂರ್ತಿ ಕೆಲಸವನ್ನು ಅವಳಿಗೇ ಒಪ್ಪಿಸಿದ್ದ. ಅಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ರಜಿಯಾಬಿಗೆ ಬೇರೆಯದೇ ಒಂದು ಚಿಂತೆ.

ಆ ಮನೆಯ ಹಿಂದಿನ ಕೋಣೆಯಲ್ಲಿ ಗೋಡೆಯಷ್ಟೆತ್ತರ ನಿಂತ ಮಗ್ಗವಿತ್ತು. ಜಮಖಾನೆ ನೇಯುವ ಮಗ್ಗ. ಅದರ ಮುಂದಿನ ಹಲಗೆಯ ಮೇಲೆ ಮೊದಲು ರಜಿಯಾಬಿಯ ಅತ್ತೆ, ಅದಕ್ಕೂ ಮೊದಲು ಆ ಅತ್ತೆಯ ಅತ್ತೆ ಕುಳಿತಿದ್ದರು. ನೇಯುವವರೆಲ್ಲ ಹೆಂಗಸರು, ಅಂಗಡಿಯ ಬೋರ್ಡಿನ ಮೇಲಿದ್ದದ್ದು ಯಾಕೂಬಸಾಬನ ಹೆಸರು. ಊರಿನ ಹಳೆಯ ರಿವಾಜಿನಂತೆ ಕಸುಬು ಸೊಸೆಗೆ ಸೇರಬೇಕು, ಮಗಳಿಗಲ್ಲ. ಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಹೋಗುವಾಗ ಗುಟ್ಟನ್ನೂ ಕಟ್ಟಿಕೊಂಡು ಹೋಗುತ್ತಾಳೆ ಎಂಬ ಭಯ. ಸ್ವಂತ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಕಳ್ಳಿಯಂತೆ ಕಾಣುವುದಕ್ಕೆ ರಿವಾಜು ಎಂಬ ಗೌರವದ ಹೆಸರು. ರಜಿಯಾಬಿಯ ಮಗಳು ಇರಮ್ ಸಣ್ಣವಳಿದ್ದಾಗ ಮಗ್ಗದ ಕೋಣೆಗೆ ಇಣುಕಿ ನೋಡಿ ಎಷ್ಟೋ ಸಲ ಪೆಟ್ಟು ತಿಂದಿದ್ದಳು. ಹೊಡೆದವಳು ರಜಿಯಾಬಿಯೇ. ಇರಮ್ ಈಗ ಸಂಶಿಯಲ್ಲಿ ಗಂಡನ ಮನೆಯಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಕಲಿಯಬೇಕಾದ ಸೊಸೆಗೆ ಮಗ್ಗದ ಮುಂದೆ ಕುಳಿತರೆ ನಿದ್ದೆ ಬರುತ್ತಿತ್ತು.

ಮರುದಿನ ಅತ್ತೆ ಸೊಸೆ ಪಡಸಾಲೆಯಲ್ಲಿ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ರಜಿಯಾಬಿ ಮಾತು ತೆಗೆದಳು.

"ಲೆನ್ಸ್ ನಾ ತರ್ತೀನಿ. ನಿನ್ನ ಮಾವನ ಮಾತು ನಂಗ ಬಿಡು."

ನಾಜಮೀನ್ ಸೊಪ್ಪು ಕೆಳಗಿಟ್ಟಳು. ಅತ್ತೆ ಇಷ್ಟಕ್ಕೇ ನಿಲ್ಲುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

"ತಮನ್ನಾನ ಮದುವಿ ಮುಗದ ಮ್ಯಾಲೆ ನೀ ನನ್ನ ಬಾಜು ಹಲಗಿ ಮ್ಯಾಲೆ ಕುಂದ್ರಬೇಕು. ಮದುವಿ ಇಲ್ಲದ ದಿನಾ ಎಲ್ಲಾ. ನನ್ನ ಕೈ ಇರೂ ತನಕ ಕಲೀಬೇಕು."

ಸೊಸೆ ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು ಉಳಿದ ಎಲೆ ಕಿತ್ತಳು. ಕಡೆಗೆ, "ಕುಂದ್ರತೀನಿ," ಅಂದಳು. "ಆದ್ರ ನಾ ಹೇಳಿದ್ದ ಲೆನ್ಸ್ ಬರಬೇಕು, ಅಮ್ಮೀ. ಬರಲಿಲ್ಲಂದ್ರ ಮಗ್ಗದ ಹೆಸರು ನನ್ನ ಮುಂದ ತೆಗೀಬಾರ್ದು."

ಒಪ್ಪಂದ ಆಯಿತು. ನಾಜಮೀನ್ ತನ್ನ ಗಳಿಕೆಯನ್ನು ಅತ್ತೆಯ ಕೈಗಿಟ್ಟಳು, ಕಡಿಮೆ ಬಿದ್ದದ್ದನ್ನು ರಜಿಯಾಬಿ ಹಾಕಿದಳು. ಕ್ಯಾಮೆರಾದ ಬಾಯಿಗೆ ಕೂಡುವ ಒಂದು ಕರಿ ಮುಚ್ಚಳ ಕೊಟ್ಟು, ಇದನ್ನು ತೋರಿಸಿದರೆ ಯಾವ ಕಂಪನಿಯದೆಂದು ಅಂಗಡಿಯವರಿಗೆ ತಿಳಿಯುತ್ತದೆ, ಅಗಲದ್ದು ಕೊಡಿ ಎಂದು ಕೇಳಿ ಎಂದು ಸೊಸೆ ಹೇಳಿಕೊಟ್ಟಳು. ರಜಿಯಾಬಿ ಆ ಮುಚ್ಚಳವನ್ನು ತಾನೇ ನೇಯ್ದ ನಮಾಜಿನ ಹಾಸು ಜಾನಮಾಜಿನ ಮಡಿಕೆಯಲ್ಲಿ ಸುತ್ತಿಟ್ಟುಕೊಂಡಳು.

*

ಧಾರವಾಡ ಜಿಲ್ಲೆಯ ಆಚೆಗೆ ರಜಿಯಾಬಿ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ವಿಮಾನದ ಕಿಟಕಿಯಿಂದ ಮೋಡವನ್ನು ಮೇಲಿನಿಂದ ನೋಡಿ, ಅದು ಅರಳೆ ಹಿಂಜಿ ಹಾಕಿದ ಹಾಗಿದೆ ಎಂದು ಗಂಡನನ್ನು ಅಲುಗಿಸಿದಳು. ಯಾಕೂಬಸಾಬ ಕಣ್ಣು ಮುಚ್ಚಿ ತಸ್ಬಿಯ ಜಪಮಣಿ ತಿರುಗಿಸುತ್ತಿದ್ದ, ಹೆದರಿಕೆಗೆ. ಮಕ್ಕಾದಲ್ಲಿ ಕಾಬಾ ಕಣ್ಣಿಗೆ ಬಿದ್ದ ಗಳಿಗೆ, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದ ದುವಾ ಎಲ್ಲ ಮರೆತುಹೋಯಿತು. ಅದಕ್ಕೆ ಹೊದಿಸಿದ ಕಪ್ಪು ಬಟ್ಟೆಯ ಮೇಲಿನ ಚಿನ್ನದ ಎಳೆಯ ಅಕ್ಷರ ನೋಡುತ್ತ ನಿಂತುಬಿಟ್ಟಳು. ಯಾರು ನೇಯ್ದರೋ, ಯಾವ ಕೈಗಳೋ. ಬಸಕ್ಕನ ಮೊಣಕಾಲಿನ ಮಾತು ಮಾತ್ರ ನೆನಪಾಯಿತು. ಅದನ್ನೇ ಮೊದಲು ಹೇಳಿದಳು.

ಮದೀನಾದ ದೊಡ್ಡ ಮಸೂತಿಯಲ್ಲಿ ಹಾಸಿದ ಗಾಲಿಚೆಗಳಿಗೆ ಕೊನೆಯೇ ಇರಲಿಲ್ಲ. ಹಣೆ ನೆಲಕ್ಕೆ ಮುಟ್ಟಿಸಲು ಸಜ್ದಾಕ್ಕೆ ಬಾಗಿದಾಗ ಅವಳ ಬೆರಳು ತಾವಾಗಿ ಅದರ ಅಂಚು ಹುಡುಕಿದವು. ಮಶಿನ್ನಿನದು, ಆದರೂ ಅಂಚು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ತೋಬಾ ತೋಬಾ ಎಂದು ಬೆರಳು ಮಡಿಚಿಕೊಂಡಳು.

ಹೊರಡುವ ಹಿಂದಿನ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ಬಜಾರಿನಲ್ಲಿ ಕ್ಯಾಮೆರಾದ ಅಂಗಡಿ ಹುಡುಕಿದಳು. ಯಾಕೂಬಸಾಬ ಒಳಗೆ ಬರಲು ಒಪ್ಪಲಿಲ್ಲ. ಊದಿದ ಕಾಲು ಚಾಚಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತ, ಖರ್ಜೂರದ ಚೀಲಗಳನ್ನು ಕಾಯುತ್ತ.

ಅಂಗಡಿಯಲ್ಲಿದ್ದವನು ಹೈದರಾಬಾದಿನ ಕಡೆಯ ಬಿಳಿ ಗಡ್ಡದ ಮನುಷ್ಯ. ಇಬ್ಬರದೂ ಉರ್ದು, ಮಾತು ಕೂಡಿತು. ಮುಚ್ಚಳ ನೋಡಿ, ತಲೆಯಾಡಿಸಿ, ಅಗಲದ್ದು ಎಂದ ಕೂಡಲೇ ಗಿಡ್ಡನೆಯ ಒಂದು ಲೆನ್ಸ್ ತೆಗೆದು ತನ್ನ ಅಂಗಡಿಯ ಕ್ಯಾಮೆರಾಕ್ಕೆ ಕೂಡಿಸಿ ಅವಳ ಕೈಗೆ ಕೊಟ್ಟ. ನೋಡಿ ತೆಗೆದುಕೊಳ್ಳಿ, ಆಮೇಲೆ ಬದಲಿಸಲು ನೀವು ಮತ್ತೆ ಇಷ್ಟು ದೂರ ಬರುವುದಿಲ್ಲ ಎಂದ.

ರಜಿಯಾಬಿ ಕಣ್ಣಿಟ್ಟಳು. ಇಡೀ ಅಂಗಡಿ, ಬಾಗಿಲು, ಬಾಗಿಲಾಚೆಯ ಬೀದಿ, ಎದುರಿನ ಅತ್ತರಿನ ಅಂಗಡಿ, ಮೆಟ್ಟಿಲ ಮೇಲೆ ಕುಳಿತ ಗಂಡನ ಬೆನ್ನು ಎಲ್ಲ ಅಷ್ಟು ಸಣ್ಣ ಚೌಕಟ್ಟಿನೊಳಗೆ ಕೂಡಿದ್ದವು. ಅಬ್ಬಾ ಎಂದುಕೊಂಡಳು. ಆಮೇಲೆ ಅವಳ ಕಣ್ಣು ಅಂಚಿಗೆ ಹೋಯಿತು. ಜಮಖಾನೆ ನೇಯುವವರ ಕಣ್ಣು ಮೊದಲಾಗಲಿ ಕೊನೆಗಾಗಲಿ ಅಂಚಿಗೆ ಹೋಗಿಯೇ ಹೋಗುತ್ತದೆ. ಬಾಗಿಲ ಚೌಕಟ್ಟಿನ ಕಂಬ ಬಿಲ್ಲಿನಂತೆ ಬಾಗಿತ್ತು. ಗೋಡೆಯ ಗೆರೆಯೂ ಹೊಟ್ಟೆ ಬಿಟ್ಟಿತ್ತು. ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದಳು. ಕಂಬ ನೆಟ್ಟಗಿತ್ತು.

"ಇದರ ಅಂಚು ಸೊಟ್ಟ ಐತಿ," ಅಂದಳು.

ಅಗಲದ ಲೆನ್ಸು ಎಲ್ಲವೂ ಹೀಗೇ, ಅದರ ಬನಾವಟೇ ಹಾಗೆ ಎಂದು ಆ ಮನುಷ್ಯ ತಾಳ್ಮೆಯಿಂದ ತಿಳಿಸಿ ಹೇಳಿದ. ರಜಿಯಾಬಿ ನಕ್ಕಳು. ಸೊಟ್ಟ ಜಮಖಾನೆ ಮಾರುವ ಪ್ರತಿಯೊಬ್ಬ ವ್ಯಾಪಾರಿಯೂ ಗಿರಾಕಿಗೆ ಇದೇ ಮಾತು ಹೇಳುವುದನ್ನು ಅವಳು ಮದುವೆಯಾದಾಗಿನಿಂದ ಕೇಳಿದ್ದಳು. ಸೊಟ್ಟ ಅಂಚಿನ ಮಾಲು ಅವಳ ಮಗ್ಗದಿಂದ ಎಂದೂ ಇಳಿದಿರಲಿಲ್ಲ. ಒಮ್ಮೆ ಮೊಳದಷ್ಟು ನೇಯ್ದಾದ ಮೇಲೆ ಅಂಚು ಸರಿದದ್ದು ಕಂಡು, ಅವಳ ಅತ್ತೆ ಎಲ್ಲವನ್ನೂ ಬಿಚ್ಚಿಸಿದ್ದಳು. ಸೊಸೆಯ ಮೊದಲ ದೊಡ್ಡ ಕೆಲಸಕ್ಕೆ ಇಂಥ ಕೆಟ್ಟ ಮಾಲು ಒಯ್ಯುವುದೇ?

"ಗೆರಿ ನೆಟ್ಟಗ ಇರೂದು ಕೊಡ್ರಿ."

ಆತ ಇನ್ನೊಂದು ಲೆನ್ಸ್ ತೆಗೆದು ಕ್ಯಾಮೆರಾಕ್ಕೆ ಕೂಡಿಸಿ ಕೊಟ್ಟ. ಉದ್ದನೆಯದು, ಕೈಗೆ ಭಾರ. ಇದರಲ್ಲಿ ಗೆರೆ ಬಾಗುವುದಿಲ್ಲ, ಆದರೆ ಇದು ಹತ್ತಿರದ ಸಣ್ಣ ಸಾಮಾನಿಗೆ ಹೇಳಿ ಮಾಡಿಸಿದ್ದು, ಮದುವೆ ಕೋಣೆಗೆ ಮೊದಲಿನದೇ ಒಳ್ಳೆಯದು ಎಂದು ಎರಡು ಸಲ ಹೇಳಿದ. ಎರಡನೆಯ ಸಲ ಹೇಳುವ ಹೊತ್ತಿಗೆ ರಜಿಯಾಬಿಯ ಕಿವಿ ಅಲ್ಲಿರಲಿಲ್ಲ. ಅವಳು ತನ್ನ ಜಾನಮಾಜಿನ ಮಡಿಕೆ ಬಿಚ್ಚಿ ಗಾಜಿನ ಕಪಾಟಿನ ಮೇಲೆ ಹಾಸಿ, ಅದರ ಮೇಲೆ ಲೆನ್ಸ್ ಬಾಗಿಸಿದ್ದಳು.

ಮೊದಲು ಏನೂ ಕಾಣಲಿಲ್ಲ. ಆ ಮನುಷ್ಯ ಬಳೆಯಂಥದ್ದೊಂದನ್ನು ಸ್ವಲ್ಪ ತಿರುಗಿಸಿದ.

ಕೆಂಪು ಹಗ್ಗ. ಕೆಂಪು ಹಗ್ಗಗಳ ಸಾಲು, ಹೊಸದಾಗಿ ಉತ್ತ ಹೊಲದ ಸಾಲಿನಂತೆ ಒಂದರ ಬಗಲಿಗೆ ಒಂದು. ಪ್ರತಿ ಹಗ್ಗದ ಮೈಮೇಲೆ ಮಂಜಿನಂಥ ನವಿರು ಕೂದಲು. ಬಣ್ಣ ಕೆಲವು ಕಡೆ ಒಳಗಿಳಿದಿತ್ತು, ಕೆಲವು ಕಡೆ ಮೇಲೆಯೇ ನಿಂತಿತ್ತು. ಮೆಲ್ಲಗೆ ಸರಿಸಿದಳು. ಕೆಂಪು ಮುಗಿದು ನೀಲಿ ಶುರುವಾಗುವ ದಡ ಬಂತು. ಅಲ್ಲಿ ಕೆಂಪು ನೂಲು ನೀಲಿಯ ಸೊಂಟ ಬಳಸಿ ತಿರುಗಿತ್ತು, ನೀಲಿ ಅದರ ಕೈ ಹಿಡಿದು ಮರಳಿತ್ತು. ಎರಡು ಬಣ್ಣದ ನಡುವೆ ಸೀಳು ಬೀಳದ ಹಾಗೆ ಅತ್ತೆ ಕಲಿಸಿದ್ದ ಗುಟ್ಟು ಅದು. ಮದುವೆಯಾಗಿ ಬಂದಾಗಿನಿಂದ ಅವಳ ಬೆರಳು ಸಾವಿರ ಸಲ, ಲಕ್ಷ ಸಲ ಮಾಡಿದ ಕೆಲಸ. ಕಬ್ಬಿಣದ ಹಲ್ಲಿನ ಪಂಜಾದಿಂದ ಬಡಿದ ಮೇಲೆ ನೂಲಿನ ಹೊಟ್ಟೆಯಲ್ಲಿ ಮುಚ್ಚಿಹೋಗುತ್ತಿದ್ದ ಕೆಲಸ. ಬೆರಳಿಗೆ ಗೊತ್ತಿತ್ತು, ಕಣ್ಣು ಇವತ್ತು ನೋಡುತ್ತಿತ್ತು.

ಬಾಗಿಲಿಗೆ ಬಂದು ಗಂಡನನ್ನು ಕರೆದಳು. ದನಿಯಲ್ಲಿ ಏನೋ ಇತ್ತು, ಅವನು ಚೀಲಗಳನ್ನು ಅಲ್ಲೇ ಬಿಟ್ಟು ಕುಂಟುತ್ತ ಎದ್ದು ಬಂದ. ಕಣ್ಣಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.

"ಇದು ಎಲ್ಲೀದು?" ಅಂದ.

"ನಮ್ದ."

ಯಾಕೂಬಸಾಬ ಕಣ್ಣು ತೆಗೆದು ಜಾನಮಾಜನ್ನು ನೋಡಿದ, ಹೆಂಡತಿಯ ಬೆರಳು ನೋಡಿದ. ಆಯುಷ್ಯವೆಲ್ಲ ಆ ಬೆರಳು ನೇಯ್ದದ್ದನ್ನು ಮೊಳದ ಲೆಕ್ಕದಲ್ಲಿ ಮಾರಿದವನು. ಬೆಲೆ ಕೇಳಲಿಲ್ಲ, ಚೌಕಾಶಿ ಮಾಡಲಿಲ್ಲ. "ತಗೋ," ಎಂದಷ್ಟೇ ಹೇಳಿ ಹೊರಗೆ ಹೋದ.

*

ಮನೆಗೆ ಬಂದ ದಿನ ಬಾಗಿಲಿಗೆ ಜನ. ಬಂದವರನ್ನು ತಬ್ಬಿಕೊಳ್ಳಬೇಕು, ಒಂದೊಂದು ಗುಟುಕು ಜಮ್‌ಜಮ್, ಒಂದೊಂದು ಖರ್ಜೂರ ಕೊಡಬೇಕು, ಅಲ್ಲಿ ಕಂಡದ್ದನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು. ನಾಜಮೀನ್ ಚಹಾ ಮಾಡಿದಳು, ಕಪ್ಪು ತೊಳೆದಳು, ಮತ್ತೆ ಚಹಾ ಮಾಡಿದಳು. ಕಣ್ಣು ಮಾತ್ರ ಅತ್ತೆಯ ಬ್ಯಾಗಿನ ಮೇಲೆ. ಬಸಕ್ಕ ಕಡೆಗೆ ಎದ್ದವಳು, ಮೊಣಕಾಲು ಮುಟ್ಟಿ ನೋಡಿಕೊಂಡು, ಮಾತು ಮುಟ್ಟಿದ ಹಾಗೆ ಕಾಣುತ್ತದೆ ಎನ್ನುತ್ತ ಹೋದಳು.

ಡಬ್ಬಿ ಬಿಚ್ಚಿದ ನಾಜಮೀನ್ ಮೇಲೆ ಬರೆದದ್ದನ್ನು ಓದಿದಳು. ಲೆನ್ಸ್ ಕೂಡಿಸಿ, ಕ್ಯಾಮೆರಾ ಕಣ್ಣಿಗಿಟ್ಟು ಹಿಂದೆ ಸರಿದಳು, ಬಾಗಿಲಿಗೆ ಬೆನ್ನು ತಾಗುವವರೆಗೆ. ಅತ್ತೆಯ ಮೂಗು ಮತ್ತು ಒಂದು ಕಣ್ಣು ಹಿಡಿಯಿತು, ಅಷ್ಟೇ.

"ಇದು ನಾ ಹೇಳಿದ್ದಲ್ಲ."

ರಜಿಯಾಬಿ ನಡೆದದ್ದನ್ನೆಲ್ಲ ಹೇಳಿದಳು, ಬಾಗಿಲ ಕಂಬ ಬಾಗಿದ್ದು, ತಾನು ಮೋಸ ಹೋಗದೆ ಒಳ್ಳೆಯದನ್ನೇ ಆರಿಸಿದ್ದು. ಹೇಳುತ್ತ ಹೋದಂತೆ ಸೊಸೆಯ ಮುಖ ನೋಡಿ ಅವಳ ಮಾತು ಸಣ್ಣದಾಯಿತು.

"ಅದು ಸೊಟ್ಟ ಅಲ್ಲ, ಅಮ್ಮೀ. ಅಷ್ಟು ಅಗಲ ನೋಡಬೇಕಂದ್ರ ಅಂಚಿನ್ಯಾಗ ಬಾಗತೈತಿ. ಮಂದಿ ನಡುವ ನಿಂದ್ರತಾರ, ಅಂಚು ಯಾರು ನೋಡ್ತಾರ?"

"ನಾ ನೋಡ್ತೀನಿ," ಅಂದಳು ರಜಿಯಾಬಿ.

"ಮದುವಿ ಫೋಟೊ ನಿಮ್ಮ ಜಮಖಾನಿ ಅಲ್ಲ!"

ಮುಜಫರ್ ಹುಬ್ಬಳ್ಳಿಗೆ ಒಯ್ದು ಬದಲಿಸಿಕೊಂಡು ಬರುತ್ತೇನೆಂದು ಹೋದ. ಹೊರದೇಶದ ಬಿಲ್ಲು, ಅರ್ಧ ಬೆಲೆಗೂ ತೆಗೆದುಕೊಳ್ಳಲಾರೆವು ಎಂದು ಅಂಗಡಿಯವರು ಅಂದರು. ವಾಪಸು ಬಂದವನು ಉಣ್ಣಲು ಕುಳಿತರೆ ಹೆಂಡತಿ ತಟ್ಟೆ ಕುಕ್ಕಿದಳು, ತಾಯಿ ನೀರಿನ ತಂಬಿಗೆ ಕುಕ್ಕಿದಳು. "ನಾ ಏನ್ ಮಾಡೇನಿ?" ಎಂದು ಅವನು ರೊಟ್ಟಿಯನ್ನೇ ಕೇಳಿದ.

ಯಮನೂರಿನ ಮದುವೆಗೆ ನಾಜಮೀನ್ ಹಳೆಯ ಲೆನ್ಸ್ ಕಟ್ಟಿಕೊಂಡೇ ಹೋದಳು. ಕೋಣೆಯಲ್ಲಿ ಗಾದಿಗಳ ಒಟ್ಟಿನ ಮೇಲೆ ಹತ್ತಿ ನಿಂತು ತೆಗೆದಳು, ಕಿಟಕಿಯ ಹೊರಗೆ ನಿಂತು ಸರಳಿನ ಸಂದಿಯಿಂದ ತೆಗೆದಳು. ಮದುಮಗಳನ್ನು ಬೀಳ್ಕೊಡುವಾಗ ಸುತ್ತಲೂ ಹೆಂಗಸರು ಕೂಡಿ ಹಾಡಿದ ಹೊತ್ತು ಬಂತು. ನಡುವೆ ತಮನ್ನಾ, ಒಂದು ಬದಿ ತಾಯಿ, ಒಂದು ಬದಿ ಅಜ್ಜಿ, ಹಿಂದೆ ಹಾಡುವವರ ಸಾಲು. ತಾಯಿಯನ್ನು ಹಿಡಿದರೆ ಅಜ್ಜಿ ಹೊರಗೆ, ಅಜ್ಜಿಯನ್ನು ಹಿಡಿದರೆ ಹಾಡುವವರು ಹೊರಗೆ. ಫೋಟೊ ನೋಡಿದ ನಿಜಾಮಸಾಬನ ಹೆಂಡತಿ ಕೆಟ್ಟ ಮಾತಾಡಲಿಲ್ಲ. ನಮ್ಮ ಅತ್ತೆ ಒಂದರಲ್ಲೂ ಪೂರ್ತಿ ಬಂದಿಲ್ಲವಲ್ಲ ಎಂದು ಎರಡು ಸಲ ಕೇಳಿದಳು. ಅದೇ ಸಾಕಾಗಿತ್ತು.

ಯಮನೂರಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ನಿಂತಳು.

"ನಮ್ಮ ಮಾತು ಏನಾಗಿತ್ತು, ನೆನಪೈತಿಲ್ರಿ?"

ರಜಿಯಾಬಿ ಮಗ್ಗದ ಮುಂದೆ ಕುಳಿತಿದ್ದಳು. ತಿರುಗಲಿಲ್ಲ. "ಐತಿ," ಅಂದಳು. "ಇನ್ನ ಕೇಳೂದಿಲ್ಲ."

ಅವಳು ಮಾತು ಉಳಿಸಿಕೊಂಡಳು. ಮುಂದಿನ ವಾರಗಳಲ್ಲಿ ಮಗ್ಗದ ಕೋಣೆಯಿಂದ ಪಂಜಾ ಬಡಿಯುವ ಸದ್ದು ಒಂದೇ ಬರುತ್ತಿತ್ತು. ಹಲಗೆಯ ಅರ್ಧ ಖಾಲಿ ಇರುತ್ತಿತ್ತು. ತನ್ನ ನಂತರ ಈ ಮಗ್ಗವನ್ನು ಯಾಕೂಬಸಾಬ ಒಲೆಗೆ ಸೀಳುತ್ತಾನೋ, ಪಟ್ಟಣದಿಂದ ಬರುವವರು ಗೋಡೆಗೆ ಅಲಂಕಾರಕ್ಕೆಂದು ಒಯ್ಯುತ್ತಾರೋ ಎಂದು ಬಸಕ್ಕನ ಮುಂದೆ ಒಮ್ಮೆ ಅಂದಳು, ಮತ್ತೆ ಆ ಮಾತು ಆಡಲಿಲ್ಲ.

ನಾಜಮೀನ್ ಸಿಟ್ಟಿನಲ್ಲಿ ಮೂಲೆಗಿಟ್ಟ ಲೆನ್ಸನ್ನು ಬೇಸರದಲ್ಲಿ ಹೊರಗೆ ತೆಗೆದಳು. ಮೊದಲು ಜೋಳದ ಕಾಳು, ಆಮೇಲೆ ಸಕ್ಕರೆಗೆ ಹತ್ತಿದ ಇರುವೆ, ಮಲಗಿದ ಗಂಡನ ರೆಪ್ಪೆ. ನೋಡಿದ್ದನ್ನೆಲ್ಲ ಮತ್ತೊಮ್ಮೆ ನೋಡುವ ಹುಚ್ಚು ಹಿಡಿಯಿತು. ಒಂದು ದಿನ, ಮಾರಲು ಮಡಿಚಿಟ್ಟ ಜಮಖಾನೆಯ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ಅದರ ಫೋಟೊ ತೆಗೆದು, ದೊಡ್ಡದು ಮಾಡಿ ಅತ್ತೆಯ ಮುಂದೆ ಹಿಡಿದಳು. ಅತ್ತೆ ಸೊಸೆ ಇಬ್ಬರೂ ತಲೆ ಕೂಡಿಸಿ ನೋಡಿದರು. ರಜಿಯಾಬಿ ಪರದೆಯ ಮೇಲೆ ಬೆರಳಾಡಿಸುತ್ತ, ಇಗಾ ಇಲ್ಲಿ ಕೆಂಪು ಹೋಗಿ ನೀಲಿಯನ್ನು ಹಿಡಿಯಿತು, ಇಗಾ ಇಲ್ಲಿ ಬಿಟ್ಟಿತು ಎಂದು ಕೂಸಿಗೆ ನಡಿಗೆ ತೋರಿಸುವವಳಂತೆ ತೋರಿಸಿದಳು. ಆ ಗಳಿಗೆಯಲ್ಲಿ ಇಬ್ಬರ ನಡುವೆ ಸಿಟ್ಟು ಇರಲಿಲ್ಲ. ನಾಜಮೀನ್ ಆ ಫೋಟೊವನ್ನು ಮನೆಮಂದಿಯ ವಾಟ್ಸಾಪಿಗೆ ಹಾಕಿದಳು. ಅಬ್ಬಬ್ಬಾ ಎಂದು ಎಲ್ಲರೂ ಕೈಮುಗಿದ ಗುರುತು ಕಳಿಸಿದರು. ಸಂಶಿಯಿಂದ ಇರಮ್ ಮಾತ್ರ, ಇನ್ನೂ ಹತ್ತಿರದ್ದು ಇದ್ದರೆ ಕಳಿಸು, ಹಿಂದಿನ ಬದಿಯದೂ ಕಳಿಸು ಎಂದಳು. ನಾಜಮೀನ್ ಕಳಿಸಿದಳು. ಹೊಗಳಿದವರಿಗೆ ಇನ್ನಷ್ಟು ಕೊಡುವುದು ಕಲಾವಿದರ ಸ್ವಭಾವ.

*

ಇರಮ್ ಬಂದದ್ದು ಒಂದು ಶುಕ್ರವಾರ, ಗಂಡಸರು ಜುಮ್ಮಾ ನಮಾಜು ಮುಗಿಸಿ ಬಂದು ಉಣ್ಣಲು ಕುಳಿತಿದ್ದಾಗ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬಂದ ಧೂಳು ಇನ್ನೂ ಮುಖದ ಮೇಲಿತ್ತು. ನೀರು ಕುಡಿದಳು, ಊಟ ಬೇಡವೆಂದಳು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ತಾಯಿಯ ಮುಂದಿಟ್ಟು, ಪೆಟ್ಟು ಬೀಳಲೆಂದು ಕಾದವಳಂತೆ ಕೈಕಟ್ಟಿ ಕುಳಿತಳು.

ಗಂಟಿನಲ್ಲಿ ಎರಡು ಗೇಣು ಉದ್ದ, ಒಂದು ಗೇಣು ಅಗಲದ ನೇಯ್ಗೆ. ಕೆಂಪು, ನೀಲಿ. ನಡುವೆ ಪಗಡೆಯ ಮನೆಯಂಥ ಚೌಕ. ನೂಲು ಒರಟು, ಒತ್ತು ಕಡಿಮೆ. ಆದರೆ ಎರಡು ಬಣ್ಣ ಕೂಡುವ ಕಡೆ ಸೀಳು ಇರಲಿಲ್ಲ.

ಯಾಕೂಬಸಾಬ ಉಣ್ಣುವುದನ್ನು ಬಿಟ್ಟ. "ಇದನ್ನ ಯಾರು ಕಲಿಸಿದ್ರು?"

ಯಾರೂ ಇಲ್ಲ ಎಂದಳು ಇರಮ್. ಫೋಟೊ ಮುಂದಿಟ್ಟುಕೊಂಡು, ಕಬ್ಬಿಣದ ಬೆಂಚನ್ನು ತಲೆಕೆಳಗೆ ನಿಲ್ಲಿಸಿ ಅದರ ಕಾಲಿಗೆ ದಾರ ಬಿಗಿದು ನೇಯ್ದದ್ದು, ಹೇನಿನ ಬಾಚಣಿಗೆಯಲ್ಲಿ ಬಡಿದದ್ದು, ಮೂರು ಸಲ ಬಿಚ್ಚಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನಾಜಮೀನಳ ಮುಖ ಬಿಳುಪಾಯಿತು. ಫೋಟೊ ಹೊರಟದ್ದು ಅವಳ ಕೈಯಿಂದ.

ಯಾಕೂಬಸಾಬನ ಸಿಟ್ಟು ಮೂವರು ಹೆಂಗಸರ ಮೇಲೂ ಸಮನಾಗಿ ಬಿತ್ತು. ಲೆನ್ಸ್ ತಂದವಳು ಒಬ್ಬಳು, ಫೋಟೊ ಹೊಡೆದವಳು ಒಬ್ಬಳು, ಕದ್ದವಳು ಒಬ್ಬಳು. ತನ್ನ ಅಜ್ಜಿಯ ಕಾಲದಿಂದ ಈ ಹೊಸ್ತಿಲು ದಾಟದ ಕಸುಬು ಬಸ್ಸು ಹತ್ತಿ ಸಂಶಿಗೆ ಹೋಯಿತು, ನಾಳೆ ಸಂಶಿಯ ಸಂತೆಯಲ್ಲಿ ಜಮಖಾನೆ ಮಾರುತ್ತಾರೆ ಎಂದು ಕೂಗಾಡಿದ. ಮದೀನಾದಲ್ಲಿ "ತಗೋ" ಎಂದವನು ತಾನೇ ಎಂಬುದು ಅವನ ನೆನಪಿಗೆ ಬರಲಿಲ್ಲ. ಇರಮ್ ಉತ್ತರ ಕೊಟ್ಟದ್ದು ತಂದೆಗಲ್ಲ, ತಾಯಿಗೆ.

"ನನ್ನ ಮದುವ್ಯಾಗ ಕೊಟ್ಟ ಜಮಖಾನಿ ಬಿಚ್ಚಿ ನೋಡಬೇಕಂತ ಎಷ್ಟೋ ಸಲ ಕತ್ರಿ ಹಿಡದೀನಿ, ಅಮ್ಮೀ. ನಿನ್ನ ಕೈ ನೇಯ್ದದ್ದು ಅಂತ ಕತ್ತರಿಸಾಕ ಆಗಲಿಲ್ಲ. ಫೋಟೊಕ್ಕ ಕತ್ರಿ ಬೇಕಾಗಲಿಲ್ಲ ನೋಡು."

ರಜಿಯಾಬಿ ಮುಂದೆ ಬಾಗಿದಳು. ನೇಯ್ಗೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ತಿರುವಿದಳು. ಬೆರಳಿನಿಂದ ಅಂಚು ಸವರಿದಳು, ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಹಿಂದಕ್ಕೆ. ನೆಟ್ಟಗಿತ್ತು. ಯಾರೂ ಹೇಳಿಕೊಡದೆ, ಬೆಂಚಿನ ಕಾಲಿಗೆ ಕಟ್ಟಿದ ದಾರದ ಮೇಲೆ, ನೆಟ್ಟಗಿತ್ತು. ಕಾಬಾದ ಬಟ್ಟೆಯ ಮುಂದೆ ನಿಂತಾಗಿನಂತೆ ಅದನ್ನೇ ನೋಡುತ್ತ ಕುಳಿತಳು. ಇದನ್ನು ನೇಯ್ದ ಬೆರಳುಗಳು ತನ್ನ ಹೊಟ್ಟೆಯಲ್ಲಿ ಮೂಡಿದವು. ಇವುಗಳ ಮೇಲೆಯೇ ಅಲ್ಲವೇ ತಾನು ಪಂಜಾದ ಹಿಡಿಕೆಯಿಂದ ಹೊಡೆದದ್ದು.

"ಅದನ್ನ ಒಲಿಗೆ ಹಾಕು," ಅಂದ ಯಾಕೂಬಸಾಬ. "ಮಗಳು ಇನ್ನೊಬ್ರ ಮನಿಯಾಕಿ. ಸೊಸಿಗೆ ಕಲಸು."

"ಸೊಸಿ ಒಲ್ಲೆ ಅಂದಾಳ. ನಾ ಮಾತು ಕೊಟ್ಟೇನಿ, ಇನ್ನ ಆಕಿನ್ನ ಕೇಳಾಂಗಿಲ್ಲ."

"ಮತ್ತ?"

"ಮತ್ತ ನೀವು ಬಂದು ಕುಂದ್ರತೀರೇನು ಹಲಗಿ ಮ್ಯಾಲೆ?"

ಮುಜಫರ್ ತಟ್ಟೆಯೊಳಗೆ ಮುಖ ಹುದುಗಿಸಿದ. ನಾಜಮೀನ್ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಯಾಕೂಬಸಾಬ ಹೆಂಡತಿಯನ್ನು ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ಅವನು ಕೈ ತೊಳೆದು ಅಂಗಡಿಗೆ ಹೋದ, ಮಜ್ಜಿಗೆ ಕುಡಿಯದೆ.

ರಜಿಯಾಬಿ ಎದ್ದು ಹಿಂದಿನ ಕೋಣೆಗೆ ನಡೆದಳು. ಇರಮ್ ಹೊಸ್ತಿಲ ತನಕ ಬಂದು ಅಲ್ಲೇ ನಿಂತಳು, ಸಣ್ಣವಳಿದ್ದಾಗ ಎಲ್ಲಿ ನಿಲ್ಲುತ್ತಿದ್ದಳೋ ಅಲ್ಲಿ. ತಾಯಿ ಹಲಗೆ ಹತ್ತಿ ಕುಳಿತು, ಮಗಳ ನೇಯ್ಗೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಚೌಕದ ಒಂದು ಮೂಲೆಗೆ ಉಗುರು ಒತ್ತಿದಳು. ನೂಲು ಅಲ್ಲಿ ಒಂದಿಷ್ಟು ಬಾಯಿ ಬಿಟ್ಟಿತು.

"ಇಲ್ಲಿ ನೀಲಿ ಸಡಲ ಬಿಟ್ಟಿ. ಎರಡು ವರ್ಷ ಕಸಬರಿಗಿ ಹೊಡತ ಬಿದ್ರ ಬಿಚ್ಚತೈತಿ."

"ಫೋಟೊದಾಗ ಹಂಗ ಕಂಡಿತು, ಅಮ್ಮೀ."

"ಫೋಟೊ ಎಷ್ಟು ಜಗ್ಗಬೇಕಂತ ಹೇಳತೈತೇನು?" ರಜಿಯಾಬಿ ಹಲಗೆಯ ಮೇಲೆ ಎಡಕ್ಕೆ ಸರಿದಳು, ಗೋಡೆಗೆ ತಾಗುವಷ್ಟು. "ಅಲ್ಲೇ ಯಾಕ ನಿಂತಿ? ನಾಲ್ಕು ಗಂಟೆಕ್ಕ ನಿನ್ನ ಬಸ್ಸು. ಬಂದು ಕುಂದ್ರು."